ಸತ್ತ ಲೈನು

ಕರ್ಕಿ
12 ಏಪ್ರಿಲ್ 2025

ಪ್ರಕಾಶಣ್ಣನಿಗೆ,

ನೀನು ನನ್ನ ಫೋನ್ ಎತ್ತುವುದು ಬಿಟ್ಟು ಒಂದು ವರ್ಷ ಆಗುತ್ತಾ ಬಂತು. ಬ್ಲಾಕ್ ಮಾಡಿದ್ದೀಯ ಎಂದು ಗೊತ್ತು. ಪೋಸ್ಟ್‌ಮ್ಯಾನನ್ನು ಬ್ಲಾಕ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೆ ಈ ಕಾಗದ. ಹೊನ್ನಾವರದ ನಿನ್ನ ಆಫೀಸಿನ ವಿಳಾಸಕ್ಕೇ ಹಾಕುತ್ತಿದ್ದೇನೆ. ಕುಮಟಾದ ಮನೆಗೆ ಹಾಕಿದರೆ ಜಯಶ್ರೀ ಅತ್ತಿಗೆ ಮೊದಲು ಓದಿ, ಒಳ್ಳೆಯ ಮಾತಷ್ಟನ್ನೇ ಆರಿಸಿ ನಿನಗೆ ಹೇಳುತ್ತಾಳೆ. ನನ್ನ ಬೈಗುಳ ನಿನಗೆ ಪೂರ್ತಿ ಮುಟ್ಟಬೇಕು.

ಸುದ್ದಿ ಏನೆಂದರೆ, ನಮ್ಮ ತಾರಸಿಗೆ ಸೋಲಾರ್ ಬಂದಿದೆ. ಮೂರು ಕಿಲೋವ್ಯಾಟಿನದು. ಮೀಟರ್ ನನ್ನ ಹೆಸರಿನಲ್ಲಿ ಇರುವುದರಿಂದ ಅರ್ಜಿಯೂ ನನ್ನದೇ, ಸಬ್ಸಿಡಿಯೂ ನನ್ನ ಖಾತೆಗೇ ಬಂತು. ಎಪ್ಪತ್ತೆಂಟು ಸಾವಿರ! ಬ್ಯಾಂಕಿನ ಮೆಸೇಜು ನೋಡಿ ಯಾರೋ ತಪ್ಪಿ ಹಾಕಿದ್ದಾರೆ ಅಂದುಕೊಂಡು ಹೆದರಿದೆ. ಇವರು ಭಟ್ಕಳದ ಅಂಗಡಿಯಿಂದಲೇ ಫೋನ್ ಮಾಡಿ ನಕ್ಕರು.

ಪಕ್ಕದ ಮನೆ ಗಣಪಕ್ಕ ಬಂದು ನೋಡಿ, "ಅಲ್ದೇ ಅಮಿತಾ, ಎರ್ಡು ನೂರು ಯುನಿಟ್ ತನ್ಕ ಸರ್ಕಾರನೇ ಪುಕ್ಕಟೆ ಕೊಡ್ತದೆ. ನಿಂಗೆ ಈ ಕನ್ನಡಿ ಎಲ್ಲ ಎಂತಕೆ?" ಅಂದಳು. ಅವಳ ಮನೆಯಲ್ಲಿ ಎರಡು ಬಲ್ಬು, ಒಂದು ಫ್ಯಾನು. ನಮ್ಮದು ಏಸಿ, ದೊಡ್ಡ ಫ್ರಿಜ್ಜು ಎಲ್ಲ ಸೇರಿ ತಿಂಗಳು ತಿಂಗಳು ಇನ್ನೂರು ದಾಟುತ್ತದೆ, ಪೂರ್ತಿ ಬಿಲ್ ಬರುತ್ತದೆ. ಅದನ್ನು ಹೇಳಿದರೆ ಜಂಬ ಎನ್ನುತ್ತಾಳೆ. ಹಾಗಾಗಿ, "ಮಳೆಗಾಲ ಬರ್ಲಿ ಗಣಪಕ್ಕ, ಓಣಿಗೆಲ್ಲ ಕರೆಂಟ್ ಹೋದ್ರೂ ನಮ್ಮನೇಲಿ ಇರ್ತದೆ, ನೋಡು" ಅಂದೆ. ಅದು ಅದಕ್ಕಿಂತ ದೊಡ್ಡ ಜಂಬ ಆಯಿತು.

ನೀನು ಕರೆಂಟಿನ ಮನುಷ್ಯ. ಒಮ್ಮೆ ಬಂದು ಎಲ್ಲ ಸರಿ ಇದೆಯೋ ನೋಡಿ ಹೋಗಬಾರದೇ? ಮನೆ ಒಕ್ಕಲಿನ ದಿನ ಇವರು ಏನೋ ಒಂದು ಮಾತು ಅಂದರು, ಅದನ್ನೇ ಹಿಡಿದು ಎಷ್ಟು ದಿನ ಜಗ್ಗುತ್ತೀಯ?

ನಿನ್ನ
ಅಮಿತಾ


ಹೊನ್ನಾವರ
21 ಏಪ್ರಿಲ್ 2025

ಅಮಿತಾ,

ನಿನ್ನ ಕಾಗದ ಮುಟ್ಟಿತು, ಬೈಗುಳ ಸಮೇತ. ಶನಿಯಾರ ತಂದುಕೊಟ್ಟ. ಅವನನ್ನು ನೀನು ನೋಡಿದ್ದೀಯ, ತದಡಿಯವನು. ನಮ್ಮ ಸಬ್‌ಸ್ಟೇಷನ್ನಿನಲ್ಲಿ ಲೈನು ಆಫ್ ಮಾಡುವುದು, ಆನ್ ಮಾಡುವುದು ಅವನ ಕೆಲಸ. ಗುತ್ತಿಗೆ ನೌಕರಿ. ನಾನು ಕೆಳಗಿನಿಂದ ಫೋನ್ ಮಾಡುತ್ತೇನೆ, ಅವನು "ಲೈನ್ ಸತ್ತದೆ, ಹತ್ತು" ಅನ್ನುತ್ತಾನೆ, ನಾನು ಹತ್ತುತ್ತೇನೆ. ಇಪ್ಪತ್ತು ವರ್ಷದಿಂದ ಹೀಗೇ ನಡೆದಿದೆ. ನನ್ನ ಹೆಂಡತಿಯ ಮಾತನ್ನು ಎರಡು ಸಲ ಯೋಚಿಸಿ ಕೇಳುತ್ತೇನೆ, ಅವನ ಮಾತನ್ನು ಯೋಚಿಸದೆ ಕೇಳುತ್ತೇನೆ.

ಸೋಲಾರ್ ಹಾಕಿಸಿದ್ದು ಒಳ್ಳೆಯದಾಯಿತು. ಖುಷಿ ಆಯಿತು. ಬಂದು ನೋಡುವುದಿಲ್ಲ.

ನಿನ್ನ ಗಂಡ ಸಂತೋಷ ಆ ದಿನ ಭಟ್ಕಳದ ತನ್ನ ದೋಸ್ತರ ಎದುರು "ಇವ್ರು ನಮ್ಮ ಕಂಬದ ಭಾವ" ಅಂದಿದ್ದಕ್ಕೆ ನನಗೆ ಬೇಜಾರಿಲ್ಲ. ಕಂಬ ಹತ್ತುವವನನ್ನು ಇನ್ನೇನು ಅನ್ನುತ್ತಾರೆ? ಆದರೆ ನೀನೂ ನಕ್ಕೆ. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕೆ. ನಿನಗೆ ಕಾಲೇಜಿಗೆ ಫೀಸು ಕಟ್ಟಿದ್ದು ಆ ಕಂಬವೇ ಅಲ್ಲವಾ? ನಿನ್ನ ಮನೆಯ ಮೆಟ್ಟಿಲು ಹತ್ತುವುದಕ್ಕೆ ನನ್ನಿಂದ ಆಗುವುದಿಲ್ಲ. ಕರ್ಕಿ ನನ್ನ ಸೆಕ್ಷನ್ನಿನಲ್ಲೇ ಇದ್ದರೂ ನಿಮ್ಮ ಓಣಿಯ ಕೆಲಸ ಬಂದರೆ ಬೇರೆಯವರನ್ನು ಕಳಿಸುತ್ತೇನೆ.

ಪ್ಯಾನಲ್ಲಿನ ಮೇಲೆ ಹಪ್ಪಳ ಒಣಗಿಸಬೇಡ. ನಿನ್ನ ಬುದ್ಧಿ ನನಗೆ ಗೊತ್ತು.

ಪ್ರಕಾಶ


ಕರ್ಕಿ
18 ಜೂನ್ 2025

ಅಣ್ಣಾ,

ಇದೆಂಥ ಮೋಸ ಮಾರಾಯ! ಸೋಮವಾರದ ಗಾಳಿಗೆ ನಮ್ಮ ಓಣಿಯ ಹಲಸಿನ ಮರ ಲೈನಿನ ಮೇಲೆ ಬಿತ್ತು. ಕರೆಂಟ್ ಹೋಯಿತು. ಹೋಗಲಿ, ನಮಗೇನು ಎಂದು ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಒಳಗೆ ಹೋಗಿ ಸ್ವಿಚ್ ಹಾಕಿದರೆ ಲೈಟಿಲ್ಲ, ಫ್ಯಾನಿಲ್ಲ! ಫ್ಯೂಸ್ ಹೋಯಿತೇನೋ ಎಂದು ನೋಡಿದೆ. ಸೋಲಾರಿನ ಪೆಟ್ಟಿಗೆಯಲ್ಲಿ ಕೆಂಪು ದೀಪ ಕಣ್ಣು ಮಿಟುಕಿಸುತ್ತಾ ಕೂತಿದೆ. ಮಂಗಳವಾರ ಮಳೆ ಬಿಟ್ಟು ಚುರುಚುರು ಬಿಸಿಲು. ತಾರಸಿಗೆ ಹೋಗಿ ಪ್ಯಾನಲ್ಲು ಮುಟ್ಟಿದರೆ ಕೈ ಸುಡುತ್ತದೆ, ಕೆಳಗೆ ಬಂದರೆ ಮೊಬೈಲ್ ಚಾರ್ಜಿಗೂ ಗತಿ ಇಲ್ಲ.

ಹಾಕಿದ ಕಂಪನಿಯವನಿಗೆ ಇವರು ಫೋನ್ ಮಾಡಿದರೆ, "ಹೌದು ಸರ್, ಲೈನ್ ಹೋದರೆ ಇದೂ ಆಫ್, ಬ್ಯಾಟರಿ ಇಲ್ಲದ ಮಾದರಿ ಹಾಗೇ" ಎನ್ನುತ್ತಾನೆ. ಮೊದಲು ಹೇಳುವುದಕ್ಕೆ ಅವನ ಬಾಯಿಗೆ ಏನಾಗಿತ್ತು? ನಾನು ಕೇಳಲಿಲ್ಲವಂತೆ. ಸೂರ್ಯ ಇರುವಾಗ ಸೋಲಾರ್ ನಡೆಯುತ್ತದೋ ಇಲ್ಲವೋ ಎಂದು ಯಾವ ಮನುಷ್ಯ ಕೇಳುತ್ತಾನೆ, ನೀನೇ ಹೇಳು!

ಗಣಪಕ್ಕ ಬೆಳಿಗ್ಗೆ ಬೇಕೆಂದೇ ಬಂದಳು. ಕೈಯಲ್ಲಿ ಕೊಬ್ಬರಿ ಬಟ್ಟಲು. "ನಿಮ್ಮನೇಲಿ ಕರೆಂಟ್ ಇರ್ತದಲ, ಸ್ವಲ್ಪ ಚಟ್ನಿ ಅರ್ಕಂಡು ಹೋಗ್ತೆ" ಅಂದಳು. ಹಿಂದೆ ಇಬ್ಬರು ನಿಂತು ಕಿಸಿಕಿಸಿ ನಗುತ್ತಿದ್ದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಏನಾದರೂ ಉಪಾಯ ಇದ್ದರೆ ಬರೆ. ಇವರು ಭಟ್ಕಳದಲ್ಲಿ ಯಾರನ್ನೋ ಕೇಳುತ್ತೇನೆ, ಏನೋ ತರುತ್ತೇನೆ ಅಂದಿದ್ದಾರೆ. ಲೈನು ಯಾವಾಗ ಸರಿ ಆಗುತ್ತದೆ ಎಂದಾದರೂ ತಿಳಿಸು.

ಅಮಿತಾ


ಹೊನ್ನಾವರ
20 ಜೂನ್ 2025, ಶುಕ್ರವಾರ

ಅಮಿತಾ,

ನಿನ್ನ ಕಾಗದ ಈಗ ಬಂತು. ಮೂರು ದಿನದಿಂದ ಸರಿಯಾಗಿ ಕೂತು ಉಂಡಿಲ್ಲ, ಸೆಕ್ಷನ್ನಿನಲ್ಲಿ ಎಷ್ಟೋ ಕಂಬ ಬಿದ್ದಿವೆ. ಆದರೂ ನಿನ್ನ ಗಣಪಕ್ಕನ ಕೊಬ್ಬರಿ ಬಟ್ಟಲು ಓದಿ ಒಬ್ಬನೇ ನಕ್ಕೆ. ಶನಿಯಾರ ಎಂತ ಆತು ಎಂದು ಕೇಳಿದ, ಅವನಿಗೂ ಓದಿ ಹೇಳಿದೆ.

ಅದು ಮೋಸ ಅಲ್ಲ ಮಾರಾಯ್ತಿ. ಲೈನು ಸತ್ತಾಗ ನಿನ್ನ ಪೆಟ್ಟಿಗೆಯೂ ಮಲಗಬೇಕು. ಇಲ್ಲದಿದ್ದರೆ ನಿನ್ನ ತಾರಸಿಯ ಕರೆಂಟು ಮೀಟರ್ ದಾಟಿ ವಾಪಸು ಕಂಬಕ್ಕೆ ಬರುತ್ತದೆ. ಕಂಬದ ಮೇಲೆ ಇರುವವನು ಲೈನು ಸತ್ತಿದೆ ಎಂದೇ ನಂಬಿರುತ್ತಾನೆ. ನನ್ನಂಥವರು ಬದುಕಲಿ ಎಂದೇ ಅದನ್ನು ಹಾಗೆ ಮಾಡಿದ್ದು. ಸಂತೋಷ ಏನು ತಂದರೂ ಮನೆಯ ವೈರಿಗೆ ಸಿಕ್ಕಿಸಬೇಡ. ಬ್ಯಾಟರಿ ಬೇಕಿದ್ದರೆ ಮಳೆಗಾಲ ಮುಗಿದ ಮೇಲೆ ಸರಿಯಾದವರಿಂದ ಹಾಕಿಸೋಣ.

ನಾಳೆ ಶನಿವಾರ ನಿಮ್ಮ ಓಣಿಯ ಲೈನನ್ನು ನಾನೇ ಬಂದು ಕಟ್ಟುತ್ತೇನೆ. ಬೇರೆಯವರಿಗೆ ಬಿಟ್ಟರೆ ಇನ್ನೂ ಎರಡು ದಿನ. ಆದರೆ ಕೂಗುವುದಿಲ್ಲ. ಕೂಗಿದರೆ ನೀನು ಆಸರಿಗೆ ಎಂದು ಬೆಲ್ಲ, ನೀರು ಹಿಡಿದುಕೊಂಡು ಅಂಗಳಕ್ಕೆ ಬರುತ್ತೀಯ. ಕುಡಿದರೆ ಸಿಟ್ಟು ಮುಗಿಯಿತು ಎಂದು ಲೆಕ್ಕ. ಕುಡಿಯದೆ ಹೋದರೆ ಜನ್ಮದ ಜಗಳ. ಎರಡಕ್ಕೂ ನಾನು ಇನ್ನೂ ತಯಾರಿಲ್ಲ. ಸುಮ್ಮನೆ ಹತ್ತಿ, ಕಟ್ಟಿ, ಇಳಿದು ಹೋಗುತ್ತೇನೆ.

ಇದು ನಿನ್ನ ಕೈ ಸೇರುವ ಹೊತ್ತಿಗೆ ಮನೆಯಲ್ಲಿ ಬೆಳಕಿರುತ್ತದೆ. ಗಣಪಕ್ಕನಿಗೆ ಚಟ್ನಿ ಅರೆದು ಕೊಡು.

ಪ್ರಕಾಶ


ಮಣಿಪಾಲ
29 ಜೂನ್ 2025

ಅಮಿತಾ,

ನಾನು ಜಯಶ್ರೀ ಅತ್ತಿಗೆ. ನಿನಗೆ ಎಷ್ಟು ಸಲ ಫೋನ್ ಮಾಡಿದರೂ ಎತ್ತುತ್ತಿಲ್ಲ. ಅಣ್ಣ ತಂಗಿ ಇಬ್ಬರದೂ ಒಂದೇ ಚಾಳಿ. ಅದಕ್ಕೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ.

ನಿನ್ನ ಅಣ್ಣನ ಬಲಗೈ ಉಳಿಯಲಿಲ್ಲ. ಗುರುವಾರ ಮೊಣಕೈ ಕೆಳಗೆ ತೆಗೆದರು. ಡಾಕ್ಟರು ನನ್ನ ಸಹಿ ಕೇಳಿದಾಗ ಯಾವುದಕ್ಕೆ ಎಂದು ತಿಳಿಯಲೇ ಇಲ್ಲ, ಮಾಡಿಬಿಟ್ಟೆ. ಎಚ್ಚರ ಆದ ಮೇಲೆ ಅವರು ಹೊದಿಕೆ ಸರಿಸಿ ನೋಡಿದರು. ಮತ್ತೆ ಹೊದ್ದುಕೊಂಡರು. ಅಳಲಿಲ್ಲ. ನನಗೆ ಅದೇ ಹೆದರಿಕೆ.

ನಿನ್ನೆ ಮೊದಲ ಸಲ ಮಾತಾಡಿದರು. "ಶನಿಯಾರ ಲೈನ್ ಹಾಕ್ಬಿಟ್ಟ" ಅಂದರು. ಅವರು ಕಂಬದ ಕೆಳಗಿನಿಂದ ಫೋನ್ ಮಾಡಿ ಕೇಳಿದ್ದಾರೆ, ಅವನು ಸತ್ತಿದೆ, ಹತ್ತು ಅಂದಿದ್ದಾನೆ. ವೈರು ಹಿಡಿದ ಕೂಡಲೇ ಹೊಡೆದಿದೆ. ಮತ್ತೆ ಯಾರು ಹಾಕಿದ್ದು? ಅವನ ಕೈಯಲ್ಲೇ ಅಲ್ಲವಾ ಸ್ವಿಚ್ಚು ಇರುವುದು? ಅವನು ಮೊನ್ನೆ ಇಲ್ಲಿಗೆ ಬಂದಿದ್ದ. ಬಾಗಿಲಲ್ಲಿ ನಿಂತ. ನಾನು ಬಾಯಿಗೆ ಬಂದದ್ದು ಅಂದೆ, ಇಲ್ಲಿ ಹೇಳುವಂಥದ್ದಲ್ಲ. ಒಂದು ಮಾತೂ ಆಡದೆ ಹೋದ.

ನೀನು ಆ ದಿನ ಓಡಿ ಒಳಗೆ ಹೋಗಿ ನೀರು ತಂದೆಯಂತೆ, ಅವರ ಬಾಯಿಗೆ ಹನಿ ಹನಿ ಬಿಟ್ಟೆಯಂತೆ. ಚಪ್ಪಲಿ ಇಲ್ಲದೆ ಆಂಬುಲೆನ್ಸಿನಲ್ಲಿ ಇಲ್ಲಿ ತನಕ ಬಂದೆ. ಆಮೇಲೆ ಒಂದು ಮಾತು ಹೇಳದೆ ಬಸ್ಸು ಹತ್ತಿ ಹೋದೆ. ಎಂತಕ್ಕೆ ಅಮಿತಾ? ಅವರು ದಿನಾ ಬಾಗಿಲ ಕಡೆ ನೋಡುತ್ತಾರೆ.

ಜಯಶ್ರೀ


ಕರ್ಕಿ
4 ಜುಲೈ 2025

ಅತ್ತಿಗೆಗೆ,

ಕಾಗದ ಬಂತು. ಅಣ್ಣನಿಗೆ ಊಟ ಸೇರುತ್ತದೆಯಾ? ಗಂಜಿಗೆ ಅಪ್ಪೆಮಿಡಿ ಕಳಿಸಿದ್ದೇನೆ, ಇವರು ಬಸ್ಸಿಗೆ ಕೊಡುತ್ತಾರೆ. ಇಲ್ಲಿ ಮಳೆ ಜೋರು. ನನಗೆ ಸ್ವಲ್ಪ ಜ್ವರ, ಅದಕ್ಕೇ ಬರಲು ಆಗಲಿಲ್ಲ.

ಶನಿಯಾರನಿಗೆ ಬೈಯಬೇಡ.

ಅಮಿತಾ


ಕುಮಟಾ
12 ಜುಲೈ 2025

ಅಮಿತಾ,

ಮನೆಗೆ ಬಂದೆವು. ಶನಿಯಾರನಿಗೆ ಬೈಯಬೇಡ ಎಂದು ಬರೆದಿದ್ದೀಯ. ಅದನ್ನು ಓದಿ ನಿನ್ನ ಅಣ್ಣ ಕಾಗದ ಎಸೆದರು. ಕೈ ಯಾರದು ಹೋಗಿದ್ದು, ಅವನದಾ?

ಅವನನ್ನು ಕೆಲಸದಿಂದ ಬಿಡಿಸಿದ್ದಾರೆ. ಮೂವತ್ತನೇ ತಾರೀಕು ಬುಧವಾರ ವಿಚಾರಣೆ. ಅವನೇ ಲೈನು ಹಾಕಿದ್ದು ಎಂದು ಇವರು ಹೇಳಿದರೆ ಅವನು ಮತ್ತೆ ಯಾವ ಆಫೀಸಿಗೂ ಸೇರುವ ಹಾಗಿಲ್ಲ, ಕೇಸೂ ಆಗುತ್ತದೆ. ಇವರು ಹೇಳಿಯೇ ಹೇಳುತ್ತೇನೆ ಎನ್ನುತ್ತಿದ್ದಾರೆ. ನಾನೂ ಹೇಳಿ ಎಂದಿದ್ದೇನೆ.

ಗುರುವಾರ ಅವನ ಹೆಂಡತಿ ಲಕ್ಕಿ ತದಡಿಯಿಂದ ಬಂದಿದ್ದಳು. ಒಂದು ಬುಟ್ಟಿ ಬೆಳಚು ಚಿಪ್ಪು ಹೆಕ್ಕಿ ತಂದು ಅಂಗಳದಲ್ಲಿ ಇಟ್ಟಳು. "ಅಮ್ಮಾ, ನಮ್ಮವ್ರು ಸ್ವಿಚ್ ಮುಟ್ಟಲ. ಬೀಗ ಹಾಕಿ ಕೀಲಿ ಕಿಸೇಲಿ ಇಟ್ಕಂಡಿದ್ರು. ಮಕ್ಳ ಮೇಲೆ ಆಣೆ" ಅಂದಳು. ಇವರು ಒಳಗಿನಿಂದಲೇ "ಕಳ್ಸು ಅವ್ಳನ್ನ" ಎಂದು ಕೂಗಿದರು. ನಾನು ಬುಟ್ಟಿ ಎತ್ತಿ ವಾಪಸು ಅವಳ ಕೈಗೆ ಕೊಟ್ಟೆ. ಆಸರಿಗೆ ಕೂಡ ಕೇಳಲಿಲ್ಲ. ಹೀಗೆ ಯಾರನ್ನೂ ಕಳಿಸಿದವಳಲ್ಲ ನಾನು.

ನಿನ್ನ ಜ್ವರ ಇಳಿದಿದ್ದರೆ ಬಾ.

ಜಯಶ್ರೀ


ಕರ್ಕಿ
17 ಜುಲೈ 2025

ಅಣ್ಣಾ,

ಇದನ್ನು ಅತ್ತಿಗೆ ಓದಿ ಹೇಳುವುದಾದರೆ ಅತ್ತಿಗೆ ಓದಲಿ. ಒಂದು ಮಾತೂ ಬಿಡಬೇಡ ಅತ್ತಿಗೆ.

ಶನಿಯಾರ ಲೈನು ಹಾಕಲಿಲ್ಲ. ನಾನು ಹಾಕಿದ್ದು.

ಆ ಶುಕ್ರವಾರ ರಾತ್ರಿ ಇವರು ಭಟ್ಕಳದಿಂದ ಒಂದು ಸಣ್ಣ ಜನರೇಟರು ತಂದರು. ಮದುವೆ ಚಪ್ಪರ ಹಾಕುವವನೊಬ್ಬ ಎರಡೂ ತುದಿಗೆ ಪಿನ್ ಇರುವ ವೈರು ಕೊಟ್ಟಿದ್ದನಂತೆ. ಒಂದು ತುದಿ ಜನರೇಟರಿಗೆ, ಇನ್ನೊಂದು ವಾಷಿಂಗ್ ಮಷೀನಿನ ಪ್ಲಗ್ಗಿಗೆ ಹಾಕಿದರೆ ಮನೆಗೆಲ್ಲ ಕರೆಂಟ್ ಬರುತ್ತದೆ, ಸೋಲಾರೂ ಲೈನು ಬಂತು ಎಂದುಕೊಂಡು ಏಳುತ್ತದೆ ಎಂದಿದ್ದನಂತೆ. "ಮೇನ್ ಸ್ವಿಚ್ ಇಳ್ಸಿ ಹಾಕು" ಎಂದು ಇವರು ಶನಿವಾರ ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಹೇಳಿದ್ದರು. ನಾನು ಇಳಿಸಲಿಲ್ಲ. ಲೈನು ಹೇಗೂ ಸತ್ತು ಬಿದ್ದಿದೆ, ಸತ್ತ ಲೈನಿಗೆ ಮೇನ್ ಇಳಿಸಿದರೇನು, ಬಿಟ್ಟರೇನು ಅಂದುಕೊಂಡೆ. ಎಷ್ಟು ಸಸಾರ ಮಾಡಿದೆ ಅಣ್ಣಾ!

ಜನರೇಟರು ಶುರು ಮಾಡಿದೆ. ಲೈಟು ಬಂತು. ಸೋಲಾರಿನ ಪೆಟ್ಟಿಗೆಯಲ್ಲಿ ಸ್ವಲ್ಪ ಹೊತ್ತಿಗೆ ಹಸಿರು ದೀಪ ಹತ್ತಿತು. ನಾನು ಕುಣಿಯುವುದೊಂದು ಬಾಕಿ. ಗಣಪಕ್ಕನಿಗೆ ಕೇಳಲಿ ಎಂದು ಮಿಕ್ಸರ್ ಹಾಕಿದೆ. ಅರೆಯುವುದಕ್ಕೆ ಏನೂ ಇರಲಿಲ್ಲ. ಖಾಲಿ ಜಾರನ್ನೇ ಗರಗರ ತಿರುಗಿಸಿದೆ, ಕಿಟಕಿ ತೆಗೆದಿಟ್ಟು. ಆ ಸದ್ದಿನಲ್ಲಿ ನೀನು ಬಂದದ್ದು, ಏಣಿ ಇಟ್ಟದ್ದು ಯಾವುದೂ ನನಗೆ ಕೇಳಲಿಲ್ಲ.

ಮಿಕ್ಸರ್ ನಿಲ್ಲಿಸಿದಾಗ ಗಣಪಕ್ಕ ಕಿರುಚುವುದು ಕೇಳಿಸಿತು. ಹೊರಗೆ ಬಂದರೆ ನೀನು ಬೇಲಿಯ ಹತ್ತಿರ ಬಿದ್ದಿದ್ದೆ. ಮೊದಲು ನೀನೆಂದು ತಿಳಿಯಲಿಲ್ಲ. ನೀನು ನಮ್ಮ ಮನೆ ಹತ್ತಿರ ಬರುವವನೇ ಅಲ್ಲವಲ್ಲ. ಯಾರೋ "ವೈರ್ ಮುಟ್ಬೇಡಿ, ಕರೆಂಟ್ ಇದೆ" ಎಂದು ಕೂಗಿದರು. ಆಗ ನನಗೆ ಜನರೇಟರಿನ ನೆನಪಾಯಿತು. ನಾನು ಒಳಗೆ ಓಡಿದ್ದು ನೀರು ತರುವುದಕ್ಕಲ್ಲ ಅಣ್ಣಾ. ವೈರು ಕೀಳುವುದಕ್ಕೆ. ಕಿತ್ತು, ಜನರೇಟರು ನಿಲ್ಲಿಸಿ, ಅದರ ಮೇಲೆ ಗೋಣಿ ಮುಚ್ಚಿ, ಬರುವಾಗ ತಂಬಿಗೆ ಹಿಡಿದುಕೊಂಡು ಬಂದೆ. ಗೋಣಿ ಮುಚ್ಚುವಷ್ಟು ಬುದ್ಧಿ ಆ ಗಳಿಗೆಯಲ್ಲೂ ನನಗಿತ್ತು ಎನ್ನುವುದನ್ನು ನೆನೆದರೆ ನನಗೇ ನನ್ನ ಹೆದರಿಕೆ ಆಗುತ್ತದೆ.

ಅದಾಗಿ ಎರಡು ದಿನಕ್ಕೆ, ಸೋಮವಾರ, ನಿನ್ನ ಕಾಗದ ಬಂತು. ಮನೆಯ ವೈರಿಗೆ ಏನೂ ಸಿಕ್ಕಿಸಬೇಡ ಎಂದು ಬರೆದ ಕಾಗದ.

ಇವರು ಬಾಯಿ ಬಿಡಬೇಡ ಎನ್ನುತ್ತಾರೆ. ಸಬ್ಸಿಡಿ ವಾಪಸು ಕೇಳುತ್ತಾರೆ, ಪೊಲೀಸರು ಬರುತ್ತಾರೆ, ಅಂಗಡಿಯ ಹೆಸರು ಹೋಗುತ್ತದೆ ಎನ್ನುತ್ತಾರೆ. "ಆ ಶನಿಯಾರಂಗೆ ಬೇರೆ ಕೆಲ್ಸ ಸಿಕ್ತದೆ ಬಿಡು" ಅಂದರು. ನಾನೂ ಇಷ್ಟು ದಿನ ಸುಮ್ಮನಿದ್ದೆ. ಲಕ್ಕಿಯ ಬುಟ್ಟಿ ವಾಪಸು ಕೊಟ್ಟ ವಿಷಯ ಓದಿದ ಮೇಲೆ ಅನ್ನ ಇಳಿಯುತ್ತಿಲ್ಲ.

ನೀನು ಏನು ಹೇಳಿದರೂ ಮಾಡುತ್ತೇನೆ. ಏನನ್ನೂ ಹೇಳದೆ ಇರಬೇಡ.

ಅಮಿತಾ


ಕುಮಟಾ
26 ಜುಲೈ 2025

ಅಮಿತಾ,

ಇದು ಎಡಗೈ ಬರಹ. ಓದುವುದಕ್ಕೆ ಕಷ್ಟ ಆಗುತ್ತದೆ, ಓದು. ಇಷ್ಟು ಬರೆಯುವುದಕ್ಕೆ ಎರಡು ದಿನ ಹಿಡಿಯಿತು. ಜಯಶ್ರೀ ಬರೆದುಕೊಡುತ್ತೇನೆ ಅಂದಳು, ಬೇಡ ಅಂದೆ.

ಜಯಶ್ರೀ ನಿನ್ನ ಕಾಗದ ಓದಿ ಮುಗಿಸಿದಳು. ಮತ್ತೊಮ್ಮೆ ಓದು ಅಂದೆ. ನೀನಾ? ನಾನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿಸಿದ ನೀನಾ? ಒಂದು ತಿಂಗಳು ನಾನು ಶನಿಯಾರನ ಹೆಸರಿಗೆ ಉಗಿದೆ. ಇಪ್ಪತ್ತು ವರ್ಷ ಜೀವ ಕಾದವನನ್ನು ಒಂದೇ ದಿನದಲ್ಲಿ ಕೊಲೆಗಾರ ಮಾಡಿದೆ. ನೀನು ಅದನ್ನು ಓದುತ್ತಾ ಸುಮ್ಮನೆ ಕೂತಿದ್ದೆ, ಅಪ್ಪೆಮಿಡಿ ಕಳಿಸಿದೆ.

ನನ್ನ ತಪ್ಪೂ ಬರೆಯುತ್ತೇನೆ. ಲೈನು ಸತ್ತಿದ್ದರೂ ಅದಕ್ಕೆ ಸರಪಳಿ ಹಾಕಿ ಭೂಮಿಗೆ ಕಟ್ಟಿಯೇ ಮುಟ್ಟಬೇಕು ಎಂದು ನಿಯಮ, ಎಲ್ಲಿಂದಾದರೂ ಕರೆಂಟು ಬಂದರೆ ಮಣ್ಣಿಗೆ ಇಳಿಯಲಿ ಎಂದು. ಸರಪಳಿ ಚೀಲದಲ್ಲೇ ಇತ್ತು. ನೀನು ಹೊರಗೆ ಬಂದು ನೋಡುವುದರೊಳಗೆ ಇಳಿದು ಹೋಗಬೇಕೆಂಬ ಅವಸರಕ್ಕೆ ತೆಗೆಯಲಿಲ್ಲ. ಜನರೇಟರಿನ ಸದ್ದು ಕೇಳಿತ್ತು. ಗಣಪಕ್ಕನ ಮನೆ ತೋಟದ ಡೀಸೆಲ್ ಪಂಪು ಎಂದು ತಿಳಿದೆ. ಒಂದು ಕೂಗು ಹಾಕಿದ್ದರೆ ಆಗುತ್ತಿತ್ತು.

ಗುರುವಾರ ಆಟೋ ಮಾಡಿಕೊಂಡು ತದಡಿಗೆ ಹೋದೆವು. ಶನಿಯಾರ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಬೆಳಚು ಹೆಕ್ಕುತ್ತಿದ್ದ, ಮೊಣಕಾಲು ಮಟ್ಟ ಕೆಸರು. ನಾನು ದಡದಲ್ಲಿ ನಿಂತು ಕರೆದೆ. ಬಂದ. ನನ್ನ ತೋಳು ನೋಡಿ ಬೇರೆ ಕಡೆ ತಿರುಗಿದ. ನಿನ್ನ ಕಾಗದದ ವಿಷಯ ಹೇಳಿದೆ. ಅವನು ಬೆಚ್ಚಿ ಬೀಳುತ್ತಾನೆ ಎಂದುಕೊಂಡಿದ್ದೆ. ಬೆಚ್ಚಿದವನು ನಾನು.

"ನಂಗೆ ಅವತ್ತೇ ಗೊತ್ತಾಗಿತ್ತು" ಅಂದ.

"ಹೆಂಗೆ?"

"ಸ್ವಿಚ್ಚಿಗೆ ಬೀಗ ಇತ್ತು. ಕೀಲಿ ನನ್ ಕಿಸೇಲಿತ್ತು. ಆ ತುಂಡು ಲೈನು ಎರ್ಡೂ ಬದಿಗೆ ಕಡ್ದಿತ್ತಲ ಮಾರಾಯ, ಅದಕ್ಕೆ ತಾಗಿದ್ದು ಒಂದೇ ಮನೆ. ಮತ್ತೆಲ್ಲಿಂದ ಬರೂಕೆ?"

"ಮತ್ತೆ ಎಂತಕೆ ಹೇಳ್ಲಿಲ್ಲ? ಆಸ್ಪತ್ರೆಗೆ ಬಂದಾಗಾದ್ರೂ ಹೇಳೂಕೆ ಎಂತ ಆಗಿತ್ತು?"

ಅವನು ಕೈಯ ಕೆಸರನ್ನು ಪಂಚೆಗೆ ಒರೆಸಿಕೊಂಡ. "ಹೇಳೂಕೇ ಬಂದಿದ್ದೆ. ನಿನ್ ಕೈ ಕಂಡೆ. ಕೈ ಹೋದವಂಗೆ ತಂಗಿನೂ ಹೋಗುದು ಬ್ಯಾಡ ಅನ್ಸ್ತು."

ಲಕ್ಕಿ ನಿಂತು ನೋಡುತ್ತಿದ್ದಳು. ಜಯಶ್ರೀ ಅವಳ ಕೈ ಹಿಡಿಯಲು ಹೋದಳು, ಅವಳು ಕೊಡಲಿಲ್ಲ.

"ಆದ್ರೆ ನಾ ದೇವ್ರಲ್ಲ ಪ್ರಕಾಶಣ್ಣ" ಅಂದ ಶನಿಯಾರ. "ಬುಧವಾರ ಹೇಳುದೇ ಸೈ ಅಂತ ಮಾಡಿದ್ದೆ. ಮಕ್ಳು ಉಣ್ಬೇಕಲ. ಅಷ್ಟರೊಳ್ಗೆ ಅವ್ಳೇ ಹೇಳ್ತಾಳೋ ಏನೋ ಅಂತ ದಿನಾ ಕಾಯ್ತಾ ಇದ್ದೆ."

ನೀನು ಹೇಳಿದೆ. ತಡ ಮಾಡಿದೆ, ಆದರೂ ಹೇಳಿದೆ. ಅದಕ್ಕೇ ಈ ಕಾಗದ ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಬರೆಯುತ್ತಿರಲಿಲ್ಲ. ಕ್ಷಮಿಸಿದೆ ಎಂದು ತಿಳಿಯಬೇಡ. ಬೆಳಿಗ್ಗೆ ಎದ್ದು ಇಲ್ಲದ ಕೈಯಿಂದ ಅಂಗಿಯ ಗುಂಡಿ ಹಾಕಲು ಹೋಗುತ್ತೇನೆ. ಆಗ ನಿನ್ನ ಮುಖ ಕಾಣುತ್ತದೆ. ಅದು ಯಾವಾಗ ಹೋಗುತ್ತದೋ ನನಗೆ ಗೊತ್ತಿಲ್ಲ.

ಈ ಕಾಗದವನ್ನು ಪೋಸ್ಟಿಗೆ ಹಾಕುವುದಿಲ್ಲ. ಹೋದ ಸಲ ತಡವಾಯಿತು. ಜಯಶ್ರೀ ಕರ್ಕಿಗೆ ತಂದು ನಿನ್ನ ಕೈಗೇ ಕೊಡುತ್ತಾಳೆ. ಬುಧವಾರ ಹತ್ತೂವರೆಗೆ ಹೊನ್ನಾವರದ ಆಫೀಸಿನಲ್ಲಿ ವಿಚಾರಣೆ. ಸಬ್ಸಿಡಿ ಹೋದರೆ ಹೋಗಲಿ, ಪೊಲೀಸರು ಬಂದರೆ ಬರಲಿ. ಸಂತೋಷ ಬೇಡ ಎಂದರೆ ಒಬ್ಬಳೇ ಬಸ್ಸು ಹತ್ತು. ಅಲ್ಲಿ ನಾನು, ಜಯಶ್ರೀ ಮುಂದಿನ ಬೆಂಚಿನಲ್ಲಿ ಇರುತ್ತೇವೆ. ನನ್ನ ಹತ್ತಿರ ಬರಬೇಡ. ಹಿಂದೆ ಬಾಗಿಲ ಬದಿಯ ಬೆಂಚಿನಲ್ಲಿ ಶನಿಯಾರ ಒಬ್ಬನೇ ಕೂತಿರುತ್ತಾನೆ, ಈಗ ಅವನ ಪಕ್ಕ ಯಾರೂ ಕೂರುವುದಿಲ್ಲ. ನೀನು ಹೋಗಿ ಅಲ್ಲಿ ಕೂತುಕೋ.

ಪ್ರಕಾಶ